ಸಾಣೆಪುಡಿಯ ಕಪ್ಪು: ಮಿರೊ ಅವರ ‘ಲೆಕಿನಾಕ್ಸ್’, ಒಂದು ಪ್ರಕರಣ ಅಧ್ಯಯನ

ಸುಮಾರು ಮೂರೂವರೆ ಅಡಿ ಎತ್ತರ, ಎರಡೂವರೆ ಅಡಿಗೆ ಸ್ವಲ್ಪ ಕಡಿಮೆ ಅಗಲ. ಅಳತೆಪಟ್ಟಿಯ ಲೆಕ್ಕದಲ್ಲಿ 104 ಸೆಂಟಿಮೀಟರ್, 74 ಸೆಂಟಿಮೀಟರ್. ಕಾಗದ ದಪ್ಪ. ಸುತ್ತ ಬಿಳಿ ಅಂಚು ಬಿಟ್ಟಿಲ್ಲ, ಚಿತ್ರ ಕಾಗದದ ತುದಿಯ ತನಕ ಹರಡಿದೆ. ಪೆನ್ಸಿಲ್ಲಿನಲ್ಲಿ ಒಂದು ಸಹಿ, ಒಂದು ಸಂಖ್ಯೆ. 75 ಪ್ರತಿಗಳಲ್ಲಿ ಇದು ಎಷ್ಟನೆಯದು ಎಂದು ಆ ಸಂಖ್ಯೆ ಹೇಳುತ್ತದೆ. ಕಲಾವಿದ ಜುವಾನ್ ಮಿರೊ 1967ರಲ್ಲಿ ಮಾಡಿದ ಬಣ್ಣದ ಪ್ರಿಂಟ್ ಇದು, ಅಂದರೆ ತಗಡಿನಿಂದ ಕಾಗದಕ್ಕೆ ತೆಗೆದ ಅಚ್ಚು. ಹೆಸರು ಫ್ರೆಂಚಿನಲ್ಲಿದೆ: ‘ಲೆಕಿನಾಕ್ಸ್’, ಅಂದರೆ ಹಗಲು ರಾತ್ರಿ ಸಮನಾಗುವ ದಿನ. ಪ್ರಕಟಿಸಿದ್ದು ಪ್ಯಾರಿಸ್ಸಿನ ಮಾಗ್ ಸಂಸ್ಥೆ.

ಹೆಸರೇನೋ ಸಮ ಅನ್ನುತ್ತದೆ, ಆದರೆ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಕಪ್ಪು. ಬಣ್ಣಗಳೆಲ್ಲ ಆ ಕಪ್ಪಿನ ಪಕ್ಕದಲ್ಲಿ ಜಾಗ ಕೇಳಿಕೊಂಡು ಕೂತಂತಿವೆ. ಆಮೇಲೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಆ ಕಪ್ಪಿಗೆ ಮೈ ಇದೆ. ಎಣ್ಣೆಬಣ್ಣವನ್ನು ಕುಂಚದಲ್ಲಿ ಮೆತ್ತಿದ ಹಾಗೆ ಕಾಗದದಿಂದ ಮೇಲೆದ್ದಿದೆ.

ಆಗ ಮಿರೊ ಅವರಿಗೆ 74 ವರ್ಷ. ಅಚ್ಚಿನ ಕೆಲಸ ಶುರುಮಾಡಿ ಮೂವತ್ತು ವರ್ಷಕ್ಕೂ ಹೆಚ್ಚು ಕಳೆದಿತ್ತು. ಆ ವಯಸ್ಸಿನಲ್ಲಿ, ಅಷ್ಟು ಅನುಭವದ ಮೇಲೆ, ಒಬ್ಬ ಕಲಾವಿದರ ಪ್ರಿಂಟುಗಳ ಮೈಕಟ್ಟೇ ಬದಲಾಯಿತಲ್ಲ, ಅದು ಹೇಗೆ? ಈ ಬರಹದ ವಿಷಯ ಅದೇ. ಉತ್ತರ ಇರುವುದು ಒಂದು ಡಬ್ಬಿಯಷ್ಟು ಸಾಣೆಪುಡಿಯಲ್ಲಿ.

ಕುಂಚ ದೊಡ್ಡದಾಯಿತು, ತಗಡು ಚಿಕ್ಕದಾಗಿಯೇ ಉಳಿಯಿತು

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಅವರನ್ನು ಸ್ಪೇನಿನ ಕಲಾವಿದ ಅನ್ನುವುದು ರೂಢಿ. ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಕತಲಾನ್ ಅಂತ, ಅಂದರೆ ಸ್ಪೇನಿನ ಕತಲೋನಿಯಾ ಸೀಮೆಯವ. ಹುಟ್ಟಿದ್ದು 1893ರಲ್ಲಿ, ಬಾರ್ಸಿಲೋನಾದಲ್ಲಿ. ‘ಜುವಾನ್’ ಎಂಬುದು ಕತಲಾನ್ ಉಚ್ಚಾರಣೆಗೆ ಹತ್ತಿರ. ಇಂಗ್ಲಿಷ್ ಅಕ್ಷರ ನೋಡಿ ‘ಜೋನ್’ ಅಂತ ಓದುವವರೂ ಇದ್ದಾರೆ, ಇರಲಿ ಬಿಡಿ.

ತಾಮ್ರದ ತಗಡಿನ ಮೇಲೆ ಗೀರುವ ಕೆಲಸವನ್ನು ಮಿರೊ ಸರಿಯಾಗಿ ಕಲಿತದ್ದು 1930ರ ದಶಕದ ಕೊನೆಯಲ್ಲಿ, ಪ್ಯಾರಿಸ್ಸಿನಲ್ಲಿ ಚಿತ್ರಕಾರ ಲೂಯಿ ಮಾರ್ಕುಸಿ ಅವರ ಹತ್ತಿರ. 1947ರಲ್ಲಿ ನ್ಯೂಯಾರ್ಕಿಗೆ ಹೋದಾಗ ಸ್ಟ್ಯಾನ್ಲಿ ವಿಲಿಯಂ ಹೇಟರ್ ನಡೆಸುತ್ತಿದ್ದ ‘ಅಟೆಲಿಯೇ 17’ ಕಾರ್ಯಾಗಾರದಲ್ಲೂ ಕೆಲಸ ಮಾಡಿದರು. (ಆ ಕಾರ್ಯಾಗಾರ ಆಮೇಲೆ ಪ್ಯಾರಿಸ್ಸಿಗೆ ಮರಳಿತು. ಚಿತ್ತೂರು ಸೀಮೆಯಿಂದ ಹೋದ ಕೃಷ್ಣ ರೆಡ್ಡಿ ಅಲ್ಲೇ ಹೆಸರು ಮಾಡಿದರು. ನಮ್ಮ ಕಡೆ ಪ್ರಿಂಟ್ ಕಲಿತವರೆಲ್ಲ ಅವರ ಹೆಸರು ಕೇಳಿರುತ್ತಾರೆ.) 1954ರ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಮಿರೊ ಅವರಿಗೆ ದೊಡ್ಡ ಪ್ರಶಸ್ತಿ ಬಂತು. ಅದು ಪೇಂಟಿಂಗಿಗೆ ಅಲ್ಲ, ಅಚ್ಚಿನ ಕೆಲಸಕ್ಕೆ. ಹಾಗಾಗಿ ಅವರಿಗೆ ಕಸುಬು ಗೊತ್ತಿರಲಿಲ್ಲ, ಮುದುಕರಾದ ಮೇಲೆ ಏನೋ ಪ್ರಯೋಗ ಮಾಡಿದರು ಅನ್ನುವ ಹಾಗಿಲ್ಲ.

ತೊಂದರೆ ಬೇರೆ ಕಡೆಯಿಂದ ಬಂತು. 1956ರಲ್ಲಿ ಮಿರೊ ಮಯೋರ್ಕಾ ದ್ವೀಪದ ಪಾಲ್ಮಾಕ್ಕೆ ಹೋಗಿ ನೆಲೆಸಿದರು. ವಾಸ್ತುಶಿಲ್ಪಿ ಜುಸೆಪ್ ಲ್ಯುಯಿಸ್ ಸರ್ಟ್ ಅಲ್ಲಿ ಅವರಿಗೊಂದು ದೊಡ್ಡ ಸ್ಟುಡಿಯೊ ಕಟ್ಟಿಕೊಟ್ಟರು. ಜಾಗ ಸಿಕ್ಕಿತು, ಚಿತ್ರವೂ ಬೆಳೆಯಿತು. 1961ರಲ್ಲಿ ಬರೆದ ಮೂರು ನೀಲಿ ಚಿತ್ರಗಳು ಒಂದೊಂದೂ 2.7 ಮೀಟರ್ ಎತ್ತರ, ಮೂರೂವರೆ ಮೀಟರಿಗೂ ಜಾಸ್ತಿ ಅಗಲ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಯುವ ಕಲಾವಿದರು ಇಡೀ ತೋಳು ಬೀಸಿ ಬಣ್ಣ ಎರಚುವುದನ್ನು ನೋಡಿದ್ದರು. 1966ರಲ್ಲಿ ಜಪಾನಿಗೆ ಹೋಗಿ ಬಂದರು. ಅಲ್ಲಿನವರು ಒಂದೇ ಉಸಿರಿನಲ್ಲಿ ಕುಂಚ ಎಳೆದು ಅಕ್ಷರ ಬರೆಯುವ ಬಗೆ ಅವರನ್ನು ಹಿಡಿದಿತ್ತು.

ಈಗ ಅದೇ ಮನುಷ್ಯ ತಾಮ್ರದ ತಗಡಿನ ಮುಂದೆ ಕೂರಬೇಕು. ಕೈಯಲ್ಲಿ ಒಂದು ಸೂಜಿ. ಅಲ್ಲಾಡುವುದು ಬರೀ ಮಣಿಕಟ್ಟು.

ಆಸಿಡ್ ಎಂಬ ದಲ್ಲಾಳಿ

ಎಚ್ಚಿಂಗ್ ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ತಗಡಿನ ಮೇಲೆ ಮೇಣದಂಥ ಲೇಪ ಬಳಿಯುತ್ತಾರೆ. ಸೂಜಿಯಿಂದ ಗೀರಿದರೆ ಅಲ್ಲಿ ಲೇಪ ಹೋಗಿ ತಾಮ್ರ ಕಾಣುತ್ತದೆ. ತಗಡನ್ನು ಆಸಿಡ್‌ನಲ್ಲಿ ಮುಳುಗಿಸಿದರೆ ಗೀರಿದ ಕಡೆ ಮಾತ್ರ ಆಸಿಡ್ ತಿನ್ನುತ್ತದೆ. ಆ ತಗ್ಗಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನ ರೋಲರ್ ಕೆಳಗೆ ತಳ್ಳಿದರೆ ಶಾಯಿ ಕಾಗದಕ್ಕೆ ಬರುತ್ತದೆ.

ಗೆರೆಗೆ ಇದು ಸರಿ. ಒಂದು ಅಂಗೈ ಅಗಲದ ಕಪ್ಪು ಬೇಕೆಂದರೆ? ಅಗಲವಾಗಿ ತಿಂದುಹೋದ ತಗ್ಗಿನಲ್ಲಿ ಶಾಯಿ ನಿಲ್ಲುವುದಿಲ್ಲ, ಒರೆಸುವಾಗ ಬಟ್ಟೆಯ ಜೊತೆ ಎದ್ದು ಬರುತ್ತದೆ. ಅದಕ್ಕೇ ಅಕ್ವಾಟಿಂಟ್ ಬಂದದ್ದು. ರಾಳದ ನುಣ್ಣನೆಯ ಪುಡಿ ಉದುರಿಸಿ, ಕೆಳಗಿನಿಂದ ಬಿಸಿ ಮಾಡಿ ಅಂಟಿಸಿ, ಆಮೇಲೆ ಆಸಿಡ್‌ಗೆ ಹಾಕುವುದು. ಪುಡಿಯ ಕಣಗಳ ನಡುವೆ ಮಾತ್ರ ಆಸಿಡ್ ಇಳಿದು ತಗಡು ಒರಟಾಗುತ್ತದೆ, ಆ ಒರಟಿನಲ್ಲಿ ಶಾಯಿ ಕೂರುತ್ತದೆ. ಕುಂಚದ ಎಳೆತವೇ ಕಾಣಬೇಕೆಂದರೆ ಸಕ್ಕರೆ ಕರಗಿಸಿದ ದ್ರವದಲ್ಲಿ ಬರೆದು, ಮೇಲೆ ವಾರ್ನಿಷ್ ಬಳಿದು, ನೀರಿನಲ್ಲಿ ಸಕ್ಕರೆಯನ್ನು ಎಬ್ಬಿಸುವ ಇನ್ನೊಂದು ಉಪಾಯವೂ ಇದೆ.

ಎಲ್ಲವೂ ಆಗುತ್ತದೆ. ಆದರೆ ಕೈಗೂ ಚಿತ್ರಕ್ಕೂ ನಡುವೆ ಎಷ್ಟೊಂದು ಮೆಟ್ಟಿಲು, ಅಲ್ವಾ? ಪ್ರತಿ ಮೆಟ್ಟಿಲಲ್ಲೂ ಕುಂಚದ ರಭಸ ಸ್ವಲ್ಪ ಸೋರಿ ಹೋಗುತ್ತದೆ. ತಗಡು ದೊಡ್ಡದಾದಷ್ಟೂ ಆಸಿಡ್ ತೊಟ್ಟಿಯೂ ದೊಡ್ಡದಾಗಬೇಕು, ರಾಳ ಎಲ್ಲ ಕಡೆ ಸಮ ಬೀಳಬೇಕು, ಒಂದು ಮೂಲೆ ಕೆಟ್ಟರೆ ಇಡೀ ತಗಡು ಕೆಟ್ಟಂತೆ. ಕಲ್ಲಚ್ಚಿನಲ್ಲಿ (ಲಿಥೋಗ್ರಫಿ, ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವುದು) ಈ ತಾಪತ್ರಯ ಕಡಿಮೆ. ಅಲ್ಲಿ ಕುಂಚ ಸಲೀಸಾಗಿ ಓಡುತ್ತದೆ, ಮಿರೊ ಕೂಡ ಫೆರ್ನಾಂದ್ ಮುರ್ಲೊ ಅವರ ಅಚ್ಚುಕೂಟದಲ್ಲಿ ಕಲ್ಲಚ್ಚಿನ ಪ್ರಿಂಟುಗಳನ್ನು ರಾಶಿ ರಾಶಿ ಮಾಡಿದ್ದರು. ಆದರೆ ಕಲ್ಲಚ್ಚು ಚಪ್ಪಟೆ. ಶಾಯಿ ಕಾಗದದ ಮೇಲೆ ಮಲಗಿರುತ್ತದೆ, ಎದ್ದು ನಿಲ್ಲುವುದಿಲ್ಲ.

ಅಂದರೆ ಒಂದು ಕಡೆ ರಭಸ, ಇನ್ನೊಂದು ಕಡೆ ಮೈ. ಎರಡೂ ಒಟ್ಟಿಗೆ ಸಿಗುತ್ತಿರಲಿಲ್ಲ.

ಅಳಿಸುವ ಪುಡಿಯಿಂದ ಬರೆಯುವುದು

ಮೊದಲೇ ಹೇಳಿದ ಸಾಣೆಪುಡಿಯ ಹೆಸರು ಕಾರ್ಬೊರಂಡಮ್. ಅದು ನಮಗೆ ಹೊಸದಲ್ಲ. ಮನೆಯ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಿಡಿಯುವವರು ಮೆಶಿನ್ನಿಗೆ ಸಿಕ್ಕಿಸುವ ಕಲ್ಲು ಅದೇ. ಗಾಡಿಗೆ ಬಣ್ಣ ಹೊಡೆಯುವವರು ನೀರು ಹಾಕಿ ಉಜ್ಜುವ ಕರಿ ಕಾಗದದ ಮೇಲಿರುವುದೂ ಅದೇ. ರಸಾಯನದ ಭಾಷೆಯಲ್ಲಿ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಆ್ಯಚಿಸನ್ ಅವರಿಗೆ ಇದು ಸಿಕ್ಕಿತು. ಅವರು ಹುಡುಕುತ್ತಿದ್ದದ್ದು ಕೃತಕ ವಜ್ರ. ಜೇಡಿಮಣ್ಣನ್ನೂ ಕಲ್ಲಿದ್ದಲಿನ ಕೋಕನ್ನೂ ವಿದ್ಯುತ್ತಿನಲ್ಲಿ ಕಾಯಿಸಿದಾಗ ವಜ್ರದ ಬದಲು ಈ ಹೊಳೆಯುವ ಗಟ್ಟಿ ಹರಳು ಬಂತು. ಕಾರ್ಬನ್ ಮತ್ತು ಕೊರಂಡಮ್ ಎರಡನ್ನೂ ಸೇರಿಸಿ ಹೆಸರಿಟ್ಟರು. ಆ ‘ಕೊರಂಡಮ್’ ನಮ್ಮ ಕಡೆಯ ಪದವೇ. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ. ಹಳೇ ಮೈಸೂರು ಸೀಮೆಯಲ್ಲೂ ಆ ಕಲ್ಲನ್ನು ಅಗೆದು ತೆಗೆಯುತ್ತಿದ್ದರು. ಒಂದು ಫ್ರೆಂಚ್ ಪ್ರಿಂಟಿನ ಮೂಲೆಯಲ್ಲಿ ನಮ್ಮ ಪದವೊಂದು ಹೀಗೆ ಸದ್ದಿಲ್ಲದೆ ಕೂತಿದೆ.

ಅಚ್ಚಿನ ಕಾರ್ಯಾಗಾರಗಳಲ್ಲಿ ಈ ಪುಡಿಯ ಡಬ್ಬಿ ಅದಾಗಲೇ ಇತ್ತು. ಯಾಕೆ? ಕಲ್ಲಚ್ಚಿನ ಕಲ್ಲನ್ನು ಮತ್ತೆ ಬಳಸಬೇಕಾದರೆ ಹಳೆಯ ಚಿತ್ರವನ್ನು ತೆಗೆಯಬೇಕು. ಕಲ್ಲಿನ ಮೇಲೆ ನೀರು, ಕಾರ್ಬೊರಂಡಮ್ ಪುಡಿ ಹಾಕಿ ಗುಂಡಗೆ ಉಜ್ಜುತ್ತಾರೆ. ಹಳೆಯ ಚಿತ್ರ ಅಳಿಸಿಹೋಗಿ ಕಲ್ಲಿಗೆ ಹೊಸ ಮೈ ಬರುತ್ತದೆ. ಇಂದಿಗೂ ಕಲ್ಲಚ್ಚು ಕಲಿಯುವವರ ಮೊದಲ ಪಾಠವೇ ಈ ಉಜ್ಜಾಟ, ತೋಳು ಬಿದ್ದುಹೋಗುವಷ್ಟು.

ಚಿತ್ರ ಅಳಿಸಲೆಂದು ಇಟ್ಟ ಪುಡಿಯಿಂದಲೇ ಚಿತ್ರ ಬರೆಯಬಹುದಲ್ಲ ಅಂತ ಹೊಳೆದದ್ದು ಹೆನ್ರಿ ಗೋಟ್ಸ್ ಅವರಿಗೆ. ಹುಟ್ಟಿದ್ದು 1909ರಲ್ಲಿ ನ್ಯೂಯಾರ್ಕಿನಲ್ಲಿ, 1930ರಿಂದ ಫ್ರಾನ್ಸಿನಲ್ಲಿ ನೆಲೆಸಿದವರು, ಅಮೂರ್ತ ಚಿತ್ರಕಾರ, ಪಾಠ ಹೇಳುತ್ತಿದ್ದವರು. 1960ರ ದಶಕದಲ್ಲಿ ಅವರು ಮಾಡಿದ್ದು ಇಷ್ಟೇ: ಪುಡಿಯನ್ನು ವಾರ್ನಿಷ್ಷಿನಂಥ ಅಂಟಿನಲ್ಲಿ ಕಲಸಿ ತಗಡಿನ ಮೇಲೆ ಕುಂಚದಲ್ಲಿ ಬಳಿದರು. ಒಣಗಿದ ಮೇಲೆ ಅದು ಕಲ್ಲಿನಷ್ಟು ಗಟ್ಟಿ. ಕಣಗಳ ಸಂದಿಯಲ್ಲಿ ಶಾಯಿ ಹಿಡಿಯುತ್ತದೆ. ಆಸಿಡ್ ಬೇಕಾಗಿಲ್ಲ, ರಾಳ ಬೇಕಾಗಿಲ್ಲ.

ನ್ಯಾಯವಾಗಿ ಇನ್ನೊಂದು ಹೆಸರನ್ನೂ ಹೇಳಬೇಕು. 1937ರ ಸುಮಾರಿಗೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಸರ್ಕಾರಿ ನೆರವಿನ ಪ್ರಿಂಟ್ ಕಾರ್ಯಾಗಾರದಲ್ಲಿ, ಡಾಕ್ಸ್ ಥ್ರ್ಯಾಶ್ ಎಂಬ ಕಪ್ಪು ಕಲಾವಿದರು ಗೆಳೆಯರ ಜೊತೆ ಸೇರಿ ಇದೇ ಪುಡಿಯನ್ನು ಬಳಸಿದ್ದರು. ಅವರ ದಾರಿ ತಿರುಗಮುರುಗ. ಪುಡಿಯಿಂದ ತಗಡನ್ನು ಉಜ್ಜಿ ಪೂರ್ತಿ ಒರಟು ಮಾಡಿ, ಆಮೇಲೆ ಬೆಳಕು ಬೇಕಾದ ಕಡೆ ಕೆರೆದು ನುಣುಪು ಮಾಡುತ್ತಿದ್ದರು. ಅಂದರೆ ಕತ್ತಲಿನಿಂದ ಬೆಳಕನ್ನು ತೆಗೆಯುವುದು. ಗೋಟ್ಸ್ ದಾರಿಯಲ್ಲಿ ಪುಡಿ ತಗಡಿನ ಮೇಲೇ ಉಳಿಯುತ್ತದೆ. ಬಳಿದಲ್ಲೆಲ್ಲ ಕಪ್ಪು. ಚಿತ್ರಕಾರನ ಕೈಗೆ ಇದು ಹೇಳಿ ಮಾಡಿಸಿದಂತೆ ಒಗ್ಗುತ್ತದೆ, ಯಾಕೆಂದರೆ ಅವನು ಜೀವಮಾನವಿಡೀ ಮಾಡಿದ್ದು ಬಳಿಯುವುದನ್ನೇ.

ಮಿರೊ ಈ ವಿಧಾನವನ್ನು 1967ರಲ್ಲಿ ಕೈಗೆತ್ತಿಕೊಂಡರು. ‘ಲೆಕಿನಾಕ್ಸ್’ ಆ ಮೊದಲ ಹುರುಪಿನ ಕೆಲಸ. ಎರಡು ವರ್ಷದ ಮೇಲೆ, 1969ರಲ್ಲಿ, ಗೋಟ್ಸ್ ತಮ್ಮ ವಿಧಾನವನ್ನು ವಿವರಿಸಿ ಬರೆದದ್ದನ್ನು ಮಾಗ್ ಸಂಸ್ಥೆಯೇ ಪ್ರಕಟಿಸಿತು. ಅದಕ್ಕೆ ಮುನ್ನುಡಿಯಾಗಿ ಬಂದದ್ದು ಮಿರೊ ಬರೆದ ಪತ್ರ. ಈ ವಿಧಾನದಿಂದ ಕಲಾವಿದನಿಗೆ ಹೆಚ್ಚು ಸ್ವಾತಂತ್ರ್ಯ ಸಿಗುತ್ತದೆ, ಗೆರೆಗೆ ಹೆಚ್ಚು ಬಲ ಬರುತ್ತದೆ ಎಂಬುದು ಅದರ ಸಾರ. ಹೆಸರು ಮಾಡಿದ ಹಿರಿಯರು ಇನ್ನೊಬ್ಬರ ಕಸುಬಿನ ಗುಟ್ಟಿಗೆ ಹೀಗೆ ಬಾಯಿ ಬಿಟ್ಟು ಕ್ರೆಡಿಟ್ ಕೊಡುವುದು ಅಪರೂಪ. ನನಗೆ ಇದು ಇಷ್ಟವಾಯಿತು.

ತಗಡಿನಿಂದ ಕಾಗದಕ್ಕೆ

ಮಿರೊ ಒಬ್ಬರೇ ಇದನ್ನು ಮಾಡಲಿಲ್ಲ, ಮಾಡಲು ಸಾಧ್ಯವೂ ಇರಲಿಲ್ಲ. ಎಮೆ ಮಾಗ್ 1948ರಿಂದ ಅವರ ಚಿತ್ರಗಳ ವ್ಯವಹಾರ ನೋಡಿಕೊಳ್ಳುತ್ತಿದ್ದರು. 1964ರಲ್ಲಿ ದಕ್ಷಿಣ ಫ್ರಾನ್ಸಿನ ಸೇಂಟ್ ಪಾಲ್ ಊರಿನಲ್ಲಿ ಮಾಗ್ ದಂಪತಿ ಒಂದು ಕಲಾಕೇಂದ್ರವನ್ನೂ ತೆರೆದರು. ಅದರ ಕಟ್ಟಡವೂ ಸರ್ಟ್ ಅವರದೇ, ತೋಟದಲ್ಲಿ ಮಿರೊ ಶಿಲ್ಪಗಳು. ಪುಸ್ತಕ, ಪ್ರಿಂಟ್ ಎಲ್ಲಕ್ಕೂ ಮಾಗ್ ಅವರದೇ ಅಚ್ಚುಕೂಟಗಳಿದ್ದವು. ಕಾರ್ಬೊರಂಡಮ್ ಕೆಲಸದಲ್ಲಿ ಮಿರೊ ಅವರ ಬಲಗೈಯಾಗಿದ್ದವರು ಮುದ್ರಕ ರೊಬೆರ್ ದ್ಯುತ್ರು.

ಈ ಮುದ್ರಕರ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ಸಹಿ ಕಲಾವಿದರದ್ದು. ಆದರೆ ಕಾರ್ಬೊರಂಡಮ್ ತಗಡಿಗೆ ಶಾಯಿ ಹಾಕುವುದು ಸುಮ್ನೆ ಮಾತಲ್ಲ. ಒರಟು ಕಣಗಳ ಸಂದಿಗೆ ಶಾಯಿಯನ್ನು ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಇಳಿಸಬೇಕು. ಆಮೇಲೆ ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಬೇಕು. ಜಾಸ್ತಿ ಒರೆಸಿದರೆ ಕಪ್ಪು ಬೂದಿಯಾಗುತ್ತದೆ, ಕಡಿಮೆ ಒರೆಸಿದರೆ ಪ್ರೆಸ್ಸಿನಡಿ ಶಾಯಿ ಹಿಂಡಿ ಹೊರಗೆ ಹರಿಯುತ್ತದೆ. ಮೂರೂವರೆ ಅಡಿ ತಗಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಇದೇ ಹದ ಕಾಯಬೇಕು. ಬಣ್ಣದ ಪ್ರಿಂಟ್ ಆದ್ದರಿಂದ ಒಂದು ಬಣ್ಣ ಇನ್ನೊಂದರ ಮನೆಗೆ ನುಗ್ಗದ ಹಾಗೂ ನೋಡಿಕೊಳ್ಳಬೇಕು. ಇಷ್ಟನ್ನೂ 75 ಸಲ, ಜೊತೆಗೆ ಪ್ರಯೋಗಕ್ಕೆಂದು ತೆಗೆದ ಪ್ರತಿಗಳು ಬೇರೆ.

ಕಾಗದವೂ ಅಷ್ಟೇ ಮುಖ್ಯ. ‘ಲೆಕಿನಾಕ್ಸ್’ಗೆ ಬಳಸಿದ್ದು ಮಾಂದ್ಯೂರ್ ಎಂಬ ಹತ್ತಿಬಟ್ಟೆಯ ಕಾಗದ. ಒದ್ದೆ ಮಾಡಿದಾಗ ಇದು ಮೆತ್ತಗಾಗುತ್ತದೆ, ಹರಿಯುವುದಿಲ್ಲ. ಪ್ರೆಸ್ಸಿನ ರೋಲರ್ ಮತ್ತು ಕಾಗದದ ನಡುವೆ ಫೆಲ್ಟ್ ಕಂಬಳಿ ಇರುತ್ತದೆ. ಒತ್ತಡ ಬಿದ್ದಾಗ ಕಂಬಳಿ ಕಾಗದವನ್ನು ತಗಡಿನ ಉಬ್ಬುತಗ್ಗಿನೊಳಗೆಲ್ಲ ತಳ್ಳುತ್ತದೆ. ಪುಡಿ ದಪ್ಪವಾಗಿ ಬಳಿದ ಕಡೆ ಕಾಗದವೇ ಆ ಆಕಾರಕ್ಕೆ ಬಗ್ಗುತ್ತದೆ. ಹಪ್ಪಳದ ಹಿಟ್ಟಿನ ಮೇಲೆ ಬೆರಳು ಒತ್ತಿದ ಹಾಗೆ. ಒಣಗಿದ ಮೇಲೂ ಆ ಗುರುತು ಉಳಿಯುತ್ತದೆ, ಹಿಂಬದಿಯಿಂದ ನೋಡಿದರೂ ಕಾಣುತ್ತದೆ.

ಅಂದಹಾಗೆ, ಈ ಪ್ರಿಂಟ್ ಪೂರ್ತಿ ಕಾರ್ಬೊರಂಡಮ್ ಅಲ್ಲ. ಎಚ್ಚಿಂಗ್ ಇದೆ, ಅಕ್ವಾಟಿಂಟ್ ಇದೆ, ಮೇಲೆ ಕಾರ್ಬೊರಂಡಮ್. ಕೆಲವು ಪಟ್ಟಿಗಳಲ್ಲಿ ಬರೀ ‘ಎಚ್ಚಿಂಗ್ ಮತ್ತು ಅಕ್ವಾಟಿಂಟ್’ ಅಂತ ಬರೆದಿರುತ್ತದೆ. ಮಿರೊ ಹಳೆಯ ಕಸುಬನ್ನು ಬಿಸಾಡಲಿಲ್ಲ. ತೆಳು ಬಣ್ಣಕ್ಕೆ, ಗಾಳಿಗೆ ಅಕ್ವಾಟಿಂಟ್, ತೂಕಕ್ಕೆ ಸಾಣೆಪುಡಿ. ಬೇರೆಯವರು ಈ ವಿಧಾನ ಸಿಕ್ಕಿತೆಂದು ಎಲ್ಲ ಕಡೆ ದಪ್ಪ ಮೆತ್ತಿ ಕೆಡಿಸಿದ್ದನ್ನು ನೋಡಿದರೆ ಈ ಹಿಡಿತದ ಬೆಲೆ ತಿಳಿಯುತ್ತದೆ.

ದೊಡ್ಡದು ಅಂದರೆ ಎಷ್ಟು

ಇಲ್ಲಿ ನನ್ನ ವಾದ ಇದೆ. ‘ಲೆಕಿನಾಕ್ಸ್’ ದೊಡ್ಡ ಪ್ರಿಂಟ್ ಅನ್ನಿಸುವುದು ಅಳತೆಯಿಂದ ಮಾತ್ರ ಅಲ್ಲ. ಇದೇ ಅಳತೆಯ ಪೋಸ್ಟರ್ ತಂದು ಪಕ್ಕದಲ್ಲಿ ಅಂಟಿಸಿದರೆ ಅದು ಚಿಕ್ಕದಾಗಿ ಕಾಣುತ್ತದೆ.

ಸಣ್ಣ ಚಿತ್ರವನ್ನು ಹಿಗ್ಗಿಸಿದಾಗ ಗೆರೆ ದಪ್ಪವಾಗುತ್ತದೆ, ಅಷ್ಟೇ. ಅದರೊಳಗೆ ಮಣಿಕಟ್ಟಿನ ಚಲನೆಯೇ ಇರುತ್ತದೆ, ದೊಡ್ಡವರ ಅಂಗಿ ತೊಟ್ಟ ಮಗುವಿನಂತೆ. ಈ ಪ್ರಿಂಟಿನ ಕಪ್ಪು ಎಳೆತದಲ್ಲಿ ಭುಜ ಇದೆ. ಕುಂಚ ಎಲ್ಲಿ ಒತ್ತಿತು, ಎಲ್ಲಿ ಎದ್ದಿತು, ಎಲ್ಲಿ ಪುಡಿ ಖಾಲಿಯಾಗಿ ಕೂದಲು ಕೂದಲಾಗಿ ಬಿಟ್ಟಿತು, ಎಲ್ಲವೂ ಕಾಗದದಲ್ಲಿ ನಿಂತಿದೆ. ಯಾವ ಆಸಿಡ್ಡೂ ನಡುವೆ ಬಂದು ಅದನ್ನು ನಯ ಮಾಡಿಲ್ಲ. ಪುಡಿ ಬಳಿದ ಕ್ಷಣವೇ ಅಚ್ಚಾಗಿ ಉಳಿಯಿತು. ಪಾಲ್ಮಾದ ದೊಡ್ಡ ಗೋಡೆಯ ಮುಂದೆ ಬೆಳೆದ ಕೈಗೆ ತಗಡಿನ ಮೇಲೂ ಅಷ್ಟೇ ಜಾಗ ಸಿಕ್ಕಿತು.

ಮಿರೊ ಅಮೂರ್ತ ಕಲಾವಿದ ಅನ್ನುವುದನ್ನು ಅವರೇ ಪೂರ್ತಿ ಒಪ್ಪುತ್ತಿರಲಿಲ್ಲ. ತಮ್ಮ ಪ್ರತಿಯೊಂದು ಆಕಾರವೂ ಏನೋ ಒಂದರ ಗುರುತು, ಒಬ್ಬ ಮನುಷ್ಯ ಅಥವಾ ಒಂದು ಹಕ್ಕಿ ಅನ್ನುತ್ತಿದ್ದರು. ‘ಲೆಕಿನಾಕ್ಸ್’ನಲ್ಲಿ ಸೂರ್ಯ ಯಾವುದು, ರಾತ್ರಿ ಯಾವುದು ಅಂತ ಹುಡುಕುವವರು ಹುಡುಕಬಹುದು. ನಾನಂತೂ ಹುಡುಕುವುದಿಲ್ಲ. ಮೊದಲು ಕಪ್ಪನ್ನು ನೋಡಿ ಮುಗಿಯಲಿ.

ಆಮೇಲಿನ ಕಥೆ ಚಿಕ್ಕದು. 1968ರಲ್ಲಿ ಮಿರೊ ಅವರಿಗೆ 75 ತುಂಬಿದಾಗ ಸೇಂಟ್ ಪಾಲ್‌ನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಆ ವರ್ಷದ ಕೊನೆಗೆ ಅದು ಬಾರ್ಸಿಲೋನಾಕ್ಕೆ ಬಂತು. ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯ ಸ್ಪೇನಿನಲ್ಲಿ ಅವರ ಕೆಲಸವನ್ನು ಅಷ್ಟು ದೊಡ್ಡದಾಗಿ ತೋರಿಸಿದ್ದು ಅದೇ ಮೊದಲು. ಕಾರ್ಬೊರಂಡಮ್ ಪ್ರಿಂಟುಗಳನ್ನು ಅವರು ಮುಂದೆಯೂ ಮಾಡುತ್ತಲೇ ಹೋದರು. ಅಂತೋನಿ ತಾಪಿಯೆಸ್, ಅಂತೋನಿ ಕ್ಲಾವೆ ಎಂಬ ಇನ್ನಿಬ್ಬರು ಕತಲಾನರೂ ಈ ಪುಡಿಯನ್ನು ತಮ್ಮದಾಗಿಸಿಕೊಂಡರು. ಗೋಡೆಯ ಗಾರೆಯನ್ನೇ ಚಿತ್ರವೆಂದು ತೋರಿಸಿದ ತಾಪಿಯೆಸ್ ಅವರಿಗೆ ಇದು ಸಿಗದೇ ಇದ್ದಿದ್ದರೆ ಆಶ್ಚರ್ಯ.

ಕೈಗೆ ಬಂದ ಪ್ರತಿ ಅಸಲಿಯೇ?

ಮಿರೊ ಹೆಸರು ಬಂದ ಕಡೆ ಈ ಪ್ರಶ್ನೆ ತಪ್ಪುವುದಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಅಂಚೆ ಇಲಾಖೆಯ ತನಿಖಾಧಿಕಾರಿಗಳು ಮಿರೊ, ಡಾಲಿ, ಶಗಾಲ್, ಪಿಕಾಸೊ ಹೆಸರಿನ ನಕಲಿ ಪ್ರಿಂಟುಗಳನ್ನು ಸಾವಿರಗಟ್ಟಲೆ ಹಿಡಿದರು. ಸಹಿಯನ್ನು ನಂಬಿ ಕೊಂಡವರು ಕೆಟ್ಟರು. ಪೆನ್ಸಿಲ್ ಸಹಿ ಕಲಿಯಲು ಎಷ್ಟು ದಿನ ಬೇಕು ಹೇಳಿ?

ಇಲ್ಲಿ ಸಾಣೆಪುಡಿ ಮತ್ತೆ ನೆರವಿಗೆ ಬರುತ್ತದೆ. ಆಫ್‌ಸೆಟ್ಟಿನಲ್ಲಿ ಫೋಟೊದಿಂದ ತೆಗೆದ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಾಲು ಹಿಡಿದ ಚುಕ್ಕಿಗಳು ಕಾಣುತ್ತವೆ. ಅಸಲಿ ಪ್ರತಿಯಲ್ಲಿ ಚುಕ್ಕಿಗಳ ಸಾಲಿಲ್ಲ, ಅಡ್ಡಾದಿಡ್ಡಿ ಕಣಗಳ ನಡುವೆ ಕೂತ ಶಾಯಿ ಇರುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಕಾಗದದ ಪಕ್ಕದಿಂದ ಬಿಟ್ಟರೆ ಕಪ್ಪು ಜಾಗಗಳ ಅಂಚಿನಲ್ಲಿ ನೆರಳು ಬೀಳಬೇಕು. ಕಾಗದ ತಿರುಗಿಸಿದರೆ ಹಿಂದೆ ಉಬ್ಬುಗಳು ಕಾಣಬೇಕು. ಸಾಮಾನ್ಯವಾಗಿ ಎಚ್ಚಿಂಗ್‌ನಲ್ಲಿ ತಗಡಿನ ಅಂಚು ಒತ್ತಿದ ಗುರುತನ್ನು ಹುಡುಕಿ ಅನ್ನುತ್ತಾರೆ, ‘ಲೆಕಿನಾಕ್ಸ್’ಗೆ ಆ ಪರೀಕ್ಷೆ ನಡೆಯುವುದಿಲ್ಲ. ಚಿತ್ರ ಕಾಗದದ ತುದಿಯ ತನಕ ಇದೆಯಲ್ಲ. ಬದಲಿಗೆ ಅಳತೆ, ಕಾಗದದ ಜಾತಿ, ಒಟ್ಟು ಪ್ರತಿಗಳ ಸಂಖ್ಯೆ ಇವನ್ನು ಕವಿ ಜಾಕ್ ದ್ಯುಪಾಂ ಸಿದ್ಧಪಡಿಸಿದ ಮಿರೊ ಎಚ್ಚಿಂಗ್‌ಗಳ ಪಟ್ಟಿಯ ಜೊತೆ ತಾಳೆ ನೋಡಬೇಕು. ಪ್ರತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದಪತ್ರವೂ ಬೇಕು. ಉಬ್ಬು ಇದ್ದ ಮಾತ್ರಕ್ಕೆ ಅಸಲಿ ಅಲ್ಲ, ಉಬ್ಬನ್ನೂ ನಕಲು ಮಾಡಬಹುದು. ಉಬ್ಬು ಇಲ್ಲದಿದ್ದರೆ ಮಾತ್ರ ಮುಂದೆ ನೋಡುವುದೇ ಬೇಡ.

ಹಾಗೆ ಸಿಕ್ಕ ಅಸಲಿ ಪ್ರತಿಯನ್ನೂ ಕೆಡಿಸುವ ದಾರಿಗಳಿವೆ. ಅತಿ ಸುಲಭದ್ದು, ನಮ್ಮ ಕಡೆ ಫೋಟೊಗೆ ಕಟ್ಟು ಹಾಕುವ ಹಾಗೆ ಗಾಜನ್ನು ಕಾಗದಕ್ಕೆ ಒತ್ತಿ ಮೊಳೆ ಹೊಡೆಯುವುದು. ತಿಂಗಳುಗಟ್ಟಲೆ ಒತ್ತಡ ಬಿದ್ದರೆ ಉಬ್ಬು ಕೂತುಹೋಗುತ್ತದೆ, ಸೆಕೆಯ ಊರಾದರೆ ಶಾಯಿ ಗಾಜಿಗೇ ಅಂಟುತ್ತದೆ. ಆದ್ದರಿಂದ ಇಂಥ ಪ್ರಿಂಟಿಗೆ ಆಳವಾದ ಚೌಕಟ್ಟು ಮಾಡಿಸುತ್ತಾರೆ. ಗಾಜಿಗೂ ಕಾಗದಕ್ಕೂ ನಡುವೆ ಒಂದು ಬೆರಳಿನಷ್ಟು ಗಾಳಿ ಬಿಡುತ್ತಾರೆ.